‘ಬೇಡ’ಕ್ಕೆ ಯಾವ ಬಣ್ಣ?

ಒಬ್ಬರಿಗೊಬ್ಬರು ತಮ್ಮ ಎಲ್ಲೆಗಳನ್ನು ತಿಳಿಸಿಕೊಳ್ಳಲು ನೆರವಾಗುವ ಆ್ಯಪ್‌ಗಳು ಈಗ ಬಂದಿವೆ. ಮೈ ಮುಟ್ಟುವುದು, ಫೋಟೋ ತೆಗೆಯುವುದು, ಹೇಳದೆ ಮನೆಗೆ ಬರುವುದು, ಒಬ್ಬರ ಗುಟ್ಟನ್ನು ಇನ್ನೊಬ್ಬರಿಗೆ ಹೇಳುವುದು—ಇವುಗಳಲ್ಲಿ ಯಾವುದು ಸಮ್ಮತ, ಯಾವುದು ಬೇಡ, ಯಾವುದನ್ನು ಕೇಳಿ ಮಾಡಬೇಕು ಎಂಬುದನ್ನು ಬಾಯಲ್ಲಿ ಹೇಳಲು ಸಂಕೋಚಪಡುವವರು ಚಿತ್ರ ತೋರಿಸಿ ತಿಳಿಸಲಿ ಎಂಬುದು ಇವುಗಳ ಆಶಯ. ಆಶಯ ಒಳ್ಳೆಯದೆ. ಆದರೆ ಇಂಥದಕ್ಕೆ ಚಿತ್ರ ಬರೆಯಲು ಕುಳಿತ ಕಲಾವಿದನಿಗೆ ಮೊದಲ ಗೆರೆ ಎಳೆಯುವ ಮುಂಚೆಯೇ ನೀತಿಯ ಪ್ರಶ್ನೆಯೊಂದು ಎದುರಾಗುತ್ತದೆ: ‘ಬೇಡ’ ಎಂಬ ಮಾತಿಗೆ ಯಾವ ಬಣ್ಣ ಹಾಕಬೇಕು?

ಕೆಂಪು ಎಂದು ಥಟ್ಟನೆ ಹೇಳಿಬಿಡಬಹುದು. ಚೌಕದ ದೀಪ ನಮಗೆಲ್ಲ ಕಲಿಸಿರುವ ಪಾಠ ಅದು. ಆದರೆ ಕೆಂಪು ಎಂದರೆ ಅಪಾಯ, ಮೊಬೈಲಿನ ಪರದೆಯ ಮೇಲೆ ತಪ್ಪು. ‘ಹೂಂ’ ಎಂದವಳಿಗೆ ಹಸಿರು ಬಣ್ಣ, ನಗುವ ಮುಖ. ‘ಬೇಡ’ ಎಂದವಳಿಗೆ ಕೆಂಪು ಬಣ್ಣ, ಅಡ್ಡಗೆರೆ, ಗಂಟಿಕ್ಕಿದ ಹುಬ್ಬು. ಮಾತುಕತೆ ಆರಂಭವಾಗುವ ಮೊದಲೇ ಚಿತ್ರ ಪಕ್ಷ ವಹಿಸಿಬಿಟ್ಟಿತು. ಒಪ್ಪಿದವರು ಒಳ್ಳೆಯವರು, ಒಲ್ಲದವರು ಒರಟರು ಎಂದು ಅದು ಸಾರಿತು. ಕೆಂಪು ಹಸಿರುಗಳ ಭೇದ ಕಾಣದ ಕಣ್ಣುಗಳಿಗಂತೂ ಅದು ಏನನ್ನೂ ಹೇಳಲಿಲ್ಲ.

ಇದು ಅತಿಸೂಕ್ಷ್ಮದ ಅನುಮಾನವೆಂದು ತಳ್ಳಿಹಾಕುವಂತಿಲ್ಲ. ಬಣ್ಣದ ಈ ಬಲವನ್ನು ವ್ಯಾಪಾರಿಗಳು ಚೆನ್ನಾಗಿ ಬಲ್ಲರು. ಅವರ ಪುಟಗಳಲ್ಲಿ ‘ಒಪ್ಪಿಗೆ’ಯ ಗುಂಡಿ ದೊಡ್ಡದಾಗಿ ಹೊಳೆಯುತ್ತದೆ, ‘ಬೇಡ’ ಎಂಬುದು ಬೂದಿಬಣ್ಣದಲ್ಲಿ ಮೂಲೆ ಸೇರಿರುತ್ತದೆ. ‘ಬೇಡ, ನನಗೆ ಉಳಿತಾಯ ಇಷ್ಟವಿಲ್ಲ’ ಎಂದು ಗಿರಾಕಿಯ ಬಾಯಿಂದಲೇ ನಾಚಿಕೆಯ ಮಾತು ಹೊರಡಿಸುವ ಉಪಾಯವೂ ಉಂಟು. ಇಂಥ ಕಪಟಗಳಿಗೆ ಹ್ಯಾರಿ ಬ್ರಿಗ್ನಲ್ ಎಂಬ ವಿನ್ಯಾಸಕಾರರು 2010ರಲ್ಲಿ ‘ಡಾರ್ಕ್ ಪ್ಯಾಟರ್ನ್’ ಎಂದು ಹೆಸರಿಟ್ಟರು. ನಮ್ಮ ದೇಶದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಅವುಗಳಲ್ಲಿ 13 ಬಗೆಗಳನ್ನು ಪಟ್ಟಿಮಾಡಿ, ಕೂಡದೆಂದು ಮಾರ್ಗಸೂಚಿ ಹೊರಡಿಸಿತು. ನೂರು ರೂಪಾಯಿಯ ಸರಕು ಮಾರುವಲ್ಲಿ ಸಲ್ಲದ ಕಪಟ, ಮನುಷ್ಯರ ಮೈಮನಸ್ಸುಗಳ ವಿಷಯದಲ್ಲಿ ಸಲ್ಲುವುದೆ?

‘ಇದಕ್ಕೆಲ್ಲ ಚಿತ್ರವೇಕೆ, ಆ್ಯಪ್ ಏಕೆ? ನಮ್ಮ ಮನೆಗಳಲ್ಲಿ ಕಣ್ಸನ್ನೆಯಲ್ಲೇ ಎಲ್ಲ ತಿಳಿಯುತ್ತಿತ್ತು’ ಎನ್ನುವವರುಂಟು. ತಿಳಿಯುತ್ತಿತ್ತು, ನಿಜ. ಆದರೆ ಯಾರ ಕಣ್ಣನ್ನು ಯಾರು ಓದಬೇಕಾಗಿತ್ತು? ಸೊಸೆ ಅತ್ತೆಯ ಹುಬ್ಬನ್ನು ಓದುತ್ತಿದ್ದಳು, ಆಳು ಧಣಿಯ ಮುಖವನ್ನು ಓದುತ್ತಿದ್ದ. ಮೇಲಿನವರಿಗೆ ಆ ಶ್ರಮವಿರಲಿಲ್ಲ. ಕೆಳಗಿನವರ ‘ಬೇಡ’ ಎಂಬುದು ‘ಆಗಲಿ’, ‘ನೋಡೋಣ’ ಎಂಬ ಮಾತುಗಳೊಳಗೆ ಉಸಿರು ಬಿಗಿಹಿಡಿದು ಕುಳಿತಿರುತ್ತಿತ್ತು. ಅದನ್ನು ಹೊರಗೆ ತರುವ ಚಿತ್ರ ವ್ಯರ್ಥವಾದದ್ದಲ್ಲ.

ಹಾಗಾದರೆ ಎಲ್ಲೆಯನ್ನು ಹೇಗೆ ಬರೆಯಬೇಕು? ಗೋಡೆ, ಬೀಗ, ಬೇಲಿ—ಇವು ಸುಲಭವಾಗಿ ಹೊಳೆಯುವ ಸಂಕೇತಗಳು. ಗೆರೆಯೆಂದೊಡನೆ ನಮಗೆ ಲಕ್ಷ್ಮಣರೇಖೆಯೂ ನೆನಪಾಗುತ್ತದೆ. ವಾಲ್ಮೀಕಿ ರಾಮಾಯಣದಲ್ಲಿ ಆ ಗೆರೆ ಇಲ್ಲ. ಮುಂದಿನ ಕಥನಗಳಲ್ಲಿ ಸೇರಿದ್ದು. ಅದರ ದೋಷವೂ ಸ್ಪಷ್ಟ: ಗೆರೆ ಸೀತೆಯದು, ಎಳೆದ ಕೈ ಬೇರೆಯವರದು. ಆದ್ದರಿಂದಲೇ ಜನರ ಬಾಯಲ್ಲಿ ತಪ್ಪು ವೇಷ ಹಾಕಿ ಬಂದವನಿಗಿಂತ ಹೆಚ್ಚಾಗಿ ಗೆರೆ ದಾಟಿದವಳ ಮೇಲೆ ಬೀಳುತ್ತದೆ. ಕಲಾವಿದನೇ ಎಲ್ಲೆಗಳನ್ನೆಲ್ಲ ಬರೆದು ಕೊಟ್ಟು ‘ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ’ ಎಂದರೆ ಅವನೂ ಲಕ್ಷ್ಮಣನ ಕೆಲಸವನ್ನೇ ಮಾಡಿದಂತೆ.

ಇದಕ್ಕಿಂತ ಒಳ್ಳೆಯ ಮಾದರಿ ನಮ್ಮ ಬಾಗಿಲಲ್ಲೇ ಇದೆ. ಹೊಸ್ತಿಲು ಮನೆಯ ಎಲ್ಲೆ. ಅದಕ್ಕೆ ಅರಿಸಿನ ಕುಂಕುಮ ಹಚ್ಚುತ್ತೇವೆ, ಮುಂದೆ ರಂಗೋಲಿ ಹಾಕುತ್ತೇವೆ. ಎಲ್ಲೆಯನ್ನು ಅಂದಗೊಳಿಸಿದರೆ ಬಂದವರಿಗೆ ಅವಮಾನವಾಯಿತೆಂದು ಯಾರೂ ಭಾವಿಸಲಿಲ್ಲ. ಆ ರಂಗೋಲಿ ಮನೆಯವರ ಕೈಯದು. ನಿನ್ನೆಯದನ್ನು ತೊಳೆದು ಇಂದು ಬೇರೆ ಹಾಕುತ್ತಾರೆ. ಎಲ್ಲೆಯ ಸ್ವಭಾವವೂ ಹೀಗೆಯೆ: ನಿನ್ನೆ ಒಪ್ಪಿದವರು ಇಂದು ಒಪ್ಪದಿರಬಹುದು. ಮಾಹಿತಿಯ ವಿಷಯದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಕೂಡ, ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂತೆಗೆದುಕೊಳ್ಳುವುದೂ ಹೆಚ್ಚುಕಡಮೆ ಅಷ್ಟೇ ಸುಲಭವಾಗಿರಬೇಕೆಂದು ಹೇಳುತ್ತದೆ. ಆದ್ದರಿಂದ ಕಲಾವಿದನು ‘ಹೂಂ’ ಮತ್ತು ‘ಬೇಡ’ಗಳಿಗೆ ಸಮನಾದ ಗಾತ್ರ, ಸಮನಾದ ಕಾಂತಿ ಕೊಡಲಿ, ಬಣ್ಣವನ್ನು ಹೇಳುವವರೇ ಆರಿಸಲಿ, ಬರೆದದ್ದನ್ನು ಅಳಿಸಲು ಸದಾ ಎಡೆಯಿರಲಿ.

‘ಬೇಡ’ವನ್ನು ಚೆಲುವಾಗಿ ಬರೆದರೆ ಸುಳ್ಳಾಗದೆ, ಕೇಳಿದವರಿಗೆ ನೋವಾಗುವುದು ನಿಜವಲ್ಲವೆ ಎಂದರೆ, ನಿಜವೆ. ಆ ನೋವನ್ನು ಕೇಳಿದವರು ತಾಳಿಕೊಳ್ಳಬೇಕು. ಹೇಳಿದವರ ಹಣೆಗೆ ಕೆಂಪು ಬಳಿದು ತೀರಿಸಿಕೊಳ್ಳುವುದು ನ್ಯಾಯವಲ್ಲ. ಕಲೆಯಿಂದ ಆಗುವುದು ಇಷ್ಟೇ. ರಂಗೋಲಿ ಯಾರನ್ನೂ ತಡೆದು ನಿಲ್ಲಿಸಲಾರದು; ಅದನ್ನು ನೋಡಿ ಕಾಲನ್ನು ಹಿಂದಕ್ಕೆ ಇಡುವ ಸೌಜನ್ಯ ಬಾಗಿಲಿಗೆ ಬಂದವರಲ್ಲಿ ಇರಬೇಕು.