ಆಶ್ರಯ ಮತ್ತು ಕಾಯಕ

ಬಾಗಿಲಿಗೆ ಬಂದ ನಿರಾಶ್ರಿತನಿಗೆ ಅನ್ನವಿಟ್ಟ ಮಾತ್ರಕ್ಕೆ ಧರ್ಮವು ಪೂರ್ಣವಾಯಿತೇ? ಅನ್ನವು ಅಂದಿನ ಹಸಿವನ್ನು ನೀಗುತ್ತದೆ. ಅನುದಿನವೂ ಕೈಯೊಡ್ಡುವ ಸ್ಥಿತಿಯಾದರೋ ಮನುಷ್ಯನ ಸ್ವಾಭಿಮಾನವನ್ನೇ ಸವೆಸುತ್ತದೆ. ದಾಸೋಹದೊಡನೆ ಕಾಯಕವನ್ನೂ ಕಲ್ಪಿಸಿಕೊಟ್ಟಾಗಲೇ ಅದು ನಿಜವಾದ ಆಶ್ರಯ.

ಇದಕ್ಕೆ ದೃಷ್ಟಾಂತ ನಮ್ಮ ನಾಡಿನಲ್ಲಿಯೇ ಇದೆ. 1959ರ ತರುವಾಯ ಟಿಬೆಟ್ಟನ್ನು ತೊರೆದು ಬಂದವರಿಗೆ ಅಂದಿನ ಮೈಸೂರು ರಾಜ್ಯವು ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಭೂಮಿಯನ್ನೂ, 1966ರಲ್ಲಿ ಮುಂಡಗೋಡದಲ್ಲಿ ಮತ್ತೊಂದು ನೆಲೆಯನ್ನೂ ಒದಗಿಸಿತು. ಹಿಮನಾಡಿನ ಆ ಜನರು ಬಿಸಿಲನ್ನು ಸಹಿಸಿ, ಕಾಡು ಕಡಿದು, ಗೋವಿನಜೋಳ ಬೆಳೆದರು; ಸಹಕಾರ ಸಂಘಗಳನ್ನು ಕಟ್ಟಿದರು; ಚಳಿಗಾಲದಲ್ಲಿ ಊರೂರು ತಿರುಗಿ ಸ್ವೆಟರು ಮಾರಿದರು. ಸುತ್ತಲಿನ ಕೂಲಿಕಾರರಿಗೂ ವ್ಯಾಪಾರಿಗಳಿಗೂ ಅದರಿಂದ ಜೀವನೋಪಾಯವಾಯಿತು.

‘ನಮ್ಮ ಭೂಹೀನರಿಗಿಲ್ಲದ ಭೂಮಿ ಪರರಿಗೇಕೆ?’ ಎಂಬ ಪ್ರಶ್ನೆ ಅಲಕ್ಷಿಸತಕ್ಕದ್ದಲ್ಲ. ಆದರೆ ಒಬ್ಬ ಬಡವನನ್ನು ಹೊರದೂಡಿದರೆ ಇನ್ನೊಬ್ಬ ಬಡವನು ಉದ್ಧಾರವಾಗುವುದಿಲ್ಲ; ಇಬ್ಬರ ಹೊಣೆಯೂ ಸಮಾಜದ್ದೇ. ರಾಜೂರ, ಗಜೇಂದ್ರಗಡದ ಸೀಮೆಯಿಂದ ಗೋವೆಗೆ ದುಡಿಯಹೋದವರ ಮನೆಗಳಿಗೆ ಪರಸ್ಥಳದ ಬಾಳು ಎಂತಹುದೆಂದು ಹೇಳಿಕೊಡಬೇಕಾಗಿಲ್ಲ.

ಇಷ್ಟಾದರೂ ಒಂದು ಕೊರತೆ ಉಳಿದಿದೆ. ಭಾರತವು ನಿರಾಶ್ರಿತರ ಕುರಿತಾದ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಇಲ್ಲಿಯೇ ಹುಟ್ಟಿದ ಅನೇಕ ಟಿಬೆಟ್ಟಿಯನ್ನರು ಇಂದಿಗೂ ನೋಂದಣಿ ಪತ್ರವನ್ನು ನವೀಕರಿಸುತ್ತಲೇ ಬಾಳುತ್ತಾರೆ. ತಮ್ಮ ಬೆವರಿನಿಂದ ನೆಲವನ್ನು ಹಸನು ಮಾಡಿದವರನ್ನು ಎಷ್ಟು ತಲೆಮಾರು ಅತಿಥಿಗಳೆಂದೇ ಕರೆಯುವುದು? ಸದ್ಭಕ್ತರು ಇದನ್ನು ವಿಚಾರಿಸಬೇಕು.