ಎರವಲಿನ ಮೌನ

ಶಿಷ್ಯನ ಆಸನದಲ್ಲಿ ಕುಳಿತು ಕಲಿಯುವುದು ಒಂದು ಬಗೆ. ಗುರುವಿನ ಸ್ಥಾನದಲ್ಲಿ ನಿಂತು ಕಲಿಯುವುದು ಮತ್ತೊಂದು ಬಗೆ. ಮೊದಲನೆಯದರಲ್ಲಿ ತಪ್ಪಿದರೆ ಅದರ ಫಲ ತಪ್ಪಿದವನಿಗೇ ಸೇರುತ್ತದೆ. ಎರಡನೆಯದರಲ್ಲಿ ತಪ್ಪಿದರೆ ಎದುರಿಗೆ ಕುಳಿತ ನಲವತ್ತು ಮಕ್ಕಳಿಗೂ ಅದು ತಟ್ಟುತ್ತದೆ. ಉಪಾಧ್ಯಾಯ ವೃತ್ತಿಗೆ ಸಿದ್ಧರಾಗುತ್ತಿರುವ ತರುಣ ತರುಣಿಯರ ಸ್ಥಿತಿ ಈ ಎರಡನೆಯ ಬಗೆಯದು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಗಳು ಬಿ.ಎಡ್. ವ್ಯಾಸಂಗವನ್ನು ಎರಡು ವರ್ಷಗಳಿಗೆ ವಿಸ್ತರಿಸಿ, ಎರಡನೆಯ ವರ್ಷದಲ್ಲಿ 16 ವಾರಗಳ ಕಾಲ ಪ್ರಶಿಕ್ಷಣಾರ್ಥಿಯು ಶಾಲೆಯಲ್ಲಿಯೇ ಇದ್ದು ಅಭ್ಯಾಸ ಮಾಡತಕ್ಕದ್ದೆಂದು ಗೊತ್ತುಪಡಿಸಿದವು. ಅಲ್ಲಿ ಪಾಠ ಹೇಳುವ ಕಷ್ಟಕ್ಕಿಂತ ಮೊದಲು ಎದುರಾಗುವ ಕಷ್ಟ, ತರಗತಿಯನ್ನು ಹಿಡಿತದಲ್ಲಿಟ್ಟುಕೊಳ್ಳುವುದು. ಈ ಕಷ್ಟದಲ್ಲಿ ಅನುಭವಸ್ಥ ಉಪಾಧ್ಯಾಯರ ನೆರವು ಬೇಕೇ ಬೇಕು. ಆದರೆ ಆ ನೆರವು ಯಾವಾಗ ಉಪಕಾರವಾಗುತ್ತದೆ, ಯಾವಾಗ ಅಪಹಾರವಾಗುತ್ತದೆ ಎಂಬುದು ವಿಚಾರಣೀಯವಾದ ಪ್ರಶ್ನೆ.

ಎಂಟನೆಯ ತರಗತಿಗೆ ಗಣಿತ ಹೇಳಲು ಬಂದ ಒಬ್ಬ ಪ್ರಶಿಕ್ಷಣಾರ್ಥಿನಿಯನ್ನು ಕಲ್ಪಿಸಿಕೊಳ್ಳಬಹುದು. ಪಾಠಯೋಜನೆ ಅಚ್ಚುಕಟ್ಟಾಗಿದೆ, ವಿಷಯಜ್ಞಾನಕ್ಕೆ ಕೊರತೆಯಿಲ್ಲ. ಮೊದಲ ಹತ್ತು ನಿಮಿಷ ಮಕ್ಕಳು ಹೊಸಬಳನ್ನು ನೋಡುವ ಕುತೂಹಲದಿಂದ ಸುಮ್ಮನಿರುತ್ತಾರೆ. ಅನಂತರ ಹಿಂದಿನ ಬೆಂಚಿನಿಂದ ಒಂದು ಪಿಸುಮಾತು. ಅದಕ್ಕೆ ಪಕ್ಕದ ಸಾಲಿನಿಂದ ಒಂದು ನಗು. ಸ್ವಲ್ಪ ಹೊತ್ತಿನಲ್ಲಿ ಇಡೀ ಕೊಠಡಿ ಸಂತೆ. ಆಕೆ ಧ್ವನಿಯನ್ನು ಏರಿಸಿದಷ್ಟೂ ಗದ್ದಲವೂ ಏರುತ್ತದೆ. ಆಗ ಪಕ್ಕದ ಕೊಠಡಿಯ ಹಿರಿಯ ಉಪಾಧ್ಯಾಯರು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಒಂದು ಮಾತೂ ಆಡಬೇಕಾಗಿಲ್ಲ. ಒಮ್ಮೆ ಕೆಮ್ಮಿದರೆ ಸಾಕು, ಸೂಜಿ ಬಿದ್ದರೂ ಕೇಳಿಸುವ ಮೌನ. ‘ಹೂಂ, ಈಗ ಪಾಠ ಮಾಡಮ್ಮ’ ಎಂದು ಹೇಳಿ ಅವರು ಹೊರಟು ಹೋಗುತ್ತಾರೆ. ಅವರ ಹೆಜ್ಜೆಯ ಸಪ್ಪಳ ದೂರವಾದೊಡನೆ ಗದ್ದಲವು ಮೊದಲಿನದಕ್ಕಿಂತ ಇಮ್ಮಡಿಯಾಗಿ ಮರಳುತ್ತದೆ.

ಆ ಹಿರಿಯರ ಉದ್ದೇಶ ಒಳ್ಳೆಯದೇ. ಆದರೆ ಅವರು ತಂದ ಮೌನ ಎರವಲಿನ ಮೌನ. ಎರವಲಾಗಿ ಬಂದದ್ದು ಒಡೆಯನೊಡನೆ ಹಿಂದಿರುಗಿ ಹೋಯಿತು. ಹೋಗುವಾಗ ಆಕೆಯಲ್ಲಿದ್ದ ಅಲ್ಪಸ್ವಲ್ಪ ಗೌರವವನ್ನೂ ಒಯ್ದಿತು. ‘ಈ ಕೊಠಡಿಯ ನಿಜವಾದ ಉಪಾಧ್ಯಾಯರು ಬೇರೆ ಇದ್ದಾರೆ, ಈಕೆಗೆ ಅಧಿಕಾರವಿಲ್ಲ’ ಎಂಬ ಪಾಠವನ್ನು ಮಕ್ಕಳು ಆ ಒಂದು ನಿಮಿಷದಲ್ಲಿ ಕಲಿತರು. ಗಣಿತದ ಪಾಠಕ್ಕಿಂತ ಆ ಪಾಠ ಅವರ ಮನಸ್ಸಿನಲ್ಲಿ ಹೆಚ್ಚು ಆಳವಾಗಿ ನಿಂತಿತು.

ಇದು ಶಾಲೆಯೊಂದರ ಮಾತಲ್ಲ. ಸಂಸಾರಿಗಳಿಗೂ ಪರಿಚಿತವಾದ ಸಂಗತಿ. ಹಟ ಮಾಡುವ ಮಗುವಿಗೆ ತಾಯಿ ‘ಇರು, ನಿಮ್ಮಪ್ಪ ಬರಲಿ’ ಎನ್ನುತ್ತಾಳೆ. ಮಗು ಆ ಕ್ಷಣಕ್ಕೆ ಸುಮ್ಮನಾಗುತ್ತದೆ. ಆದರೆ ತಾಯಿಯ ಮಾತಿಗೆ ಸ್ವಂತ ಬೆಲೆಯಿಲ್ಲವೆಂದೂ, ತಂದೆಯೆಂದರೆ ಭಯಕ್ಕೆ ಮತ್ತೊಂದು ಹೆಸರೆಂದೂ ಏಕಕಾಲದಲ್ಲಿ ಕಲಿಯುತ್ತದೆ. ಒಂದೇ ಮಾತಿನಿಂದ ಇಬ್ಬರಿಗೂ ನಷ್ಟ. ತಾಯಿಗೆ ಗೌರವದ ನಷ್ಟ, ತಂದೆಗೆ ಪ್ರೀತಿಯ ನಷ್ಟ.

ಶಿಸ್ತಿಗೆ ಭಯವೇ ಮೂಲವೆಂಬ ನಂಬಿಕೆ ನಮ್ಮ ನಾಡಿನಲ್ಲಿ ಬಹುಕಾಲ ಬೇರೂರಿತ್ತು. 1823ರಲ್ಲಿ ಬಳ್ಳಾರಿಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಬೆಲ್ ಆ ಜಿಲ್ಲೆಯ 533 ಶಾಲೆಗಳನ್ನೂ ಅಲ್ಲಿ ಓದುತ್ತಿದ್ದ 6,641 ವಿದ್ಯಾರ್ಥಿಗಳನ್ನೂ ಲೆಕ್ಕವಿಟ್ಟು ವರದಿ ಬರೆದನು. ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು, ಎರಡನೆಯವನ ಕೈಗೆ ಸೊನ್ನೆ, ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾಗಿ ಬಂದಷ್ಟೂ ಏಟುಗಳ ಸಂಖ್ಯೆ ಬೆಳೆಯುತ್ತಿತ್ತು. ಸೋಮಾರಿಗಳನ್ನು ಕೈಕಟ್ಟಿ ಮಾಡಿಗೆ ತೂಗುಹಾಕುವ ಶಿಕ್ಷೆಯೂ ಇತ್ತು. ಅದೇ ವರದಿಯಲ್ಲಿ ಆತನು ಮನಸಾರೆ ಮೆಚ್ಚಿದ ಒಂದು ವಿಷಯವೂ ಉಂಟು: ಮುಂದುವರಿದ ವಿದ್ಯಾರ್ಥಿಗಳು ಹಿಂದಿನವರಿಗೆ ಕಲಿಸುತ್ತಿದ್ದ ಪದ್ಧತಿ. ಒಂದೇ ಜಗಲಿಯ ಮೇಲೆ ಬೆತ್ತವೂ ಇತ್ತು, ಕಲಿಯುವವನ ಕೈಗೆ ಕಲಿಸುವ ಹೊಣೆಯನ್ನು ಒಪ್ಪಿಸುವ ವಿಶ್ವಾಸವೂ ಇತ್ತು. ಇವೆರಡರಲ್ಲಿ ಉಳಿಸಿಕೊಳ್ಳತಕ್ಕದ್ದು ಯಾವುದೆಂಬುದರಲ್ಲಿ ಸಂಶಯವಿರಬೇಕಾಗಿಲ್ಲ.

ಬೆತ್ತದ ವಿಷಯವನ್ನು ಕಾನೂನೇ ತೀರ್ಮಾನಿಸಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ಬೆತ್ತವನ್ನು ಕಿತ್ತುಕೊಂಡರೆ ಉಪಾಧ್ಯಾಯರಿಗೆ ಉಳಿಯುವುದೇನು ಎಂದು ಕೇಳುವವರಿದ್ದಾರೆ. ಉಳಿಯುವುದು ಕಣ್ಣು. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಕಬ್ ಕೌನಿನ್ ಎಂಬಾತನು ಅನೇಕ ತರಗತಿಗಳನ್ನು ಪರಿಶೀಲಿಸಿ 1970ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಸಮರ್ಥ ಉಪಾಧ್ಯಾಯರಿಗೂ ಅಸಮರ್ಥರಿಗೂ ಇರುವ ಅಂತರ, ತಪ್ಪು ನಡೆದ ಮೇಲೆ ಅವರು ಗದರುವ ರೀತಿಯಲ್ಲಿಲ್ಲ. ತಪ್ಪು ಹುಟ್ಟದಂತೆ ಮೊದಲೇ ವಹಿಸುವ ಎಚ್ಚರದಲ್ಲಿದೆ ಎಂಬುದು ಅವನು ಕಂಡ ಸಂಗತಿ. ಕೊಠಡಿಯ ಮೂಲೆಮೂಲೆಯಲ್ಲಿ ನಡೆಯುವುದು ತಮ್ಮ ಅರಿವಿನಲ್ಲಿದೆಯೆಂದು ಮಕ್ಕಳಿಗೆ ತೋರುವಂತೆ ಇರುವುದು, ಪಾಠದ ಓಟ ಎಲ್ಲಿಯೂ ಮುಗ್ಗರಿಸದಂತೆ ನಡೆಸುವುದು, ಇವೇ ಅವರ ಬಲ. ಈ ಎಚ್ಚರವನ್ನು ಯಾರೂ ಯಾರಿಗೂ ಎರವಲು ಕೊಡಲಾರರು. ಆದರೆ ಅದನ್ನು ಬೆಳೆಸಿಕೊಳ್ಳುವ ದಾರಿಯನ್ನು ತೋರಬಲ್ಲರು.

ಆ ದಾರಿ ತೋರುವವರ ರೀತಿಯೇ ಬೇರೆ. ಅಂಥವರು ಬಾಗಿಲಲ್ಲಿ ನಿಲ್ಲುವುದಿಲ್ಲ. ಕೊನೆಯ ಬೆಂಚಿನಲ್ಲಿ ಮಕ್ಕಳ ನಡುವೆ ಕುಳಿತು, ಗದ್ದಲ ಯಾವ ಹೊತ್ತಿನಲ್ಲಿ ಎಲ್ಲಿಂದ ಹೊರಟಿತೆಂದು ಬರೆದುಕೊಳ್ಳುತ್ತಾರೆ. ತರಗತಿ ಮುಗಿದ ಮೇಲೆ ಆಕೆಯನ್ನು ಪಕ್ಕಕ್ಕೆ ಕರೆದು, ‘ನೋಡಮ್ಮ, ನಾಲ್ಕು ಸಲ ಗದ್ದಲವಾಯಿತು. ನಾಲ್ಕು ಸಲವೂ ನೀನು ಬೆನ್ನು ತಿರುಗಿಸಿ ಹಲಗೆಯ ಮೇಲೆ ಬರೆಯುತ್ತಿದ್ದೆ. ನಾಳೆ ಲೆಕ್ಕಗಳನ್ನು ಗಂಟೆ ಹೊಡೆಯುವ ಮೊದಲೇ ಬರೆದಿಟ್ಟುಬಿಡು’ ಎನ್ನುತ್ತಾರೆ. ಕಿಟಕಿಯ ಪಕ್ಕದ ಹುಡುಗನು ಕೀಟಲೆ ಮಾಡುವುದು ದುಷ್ಟತನದಿಂದಲ್ಲ, ಲೆಕ್ಕವನ್ನು ಎಲ್ಲರಿಗಿಂತ ಮೊದಲು ಮುಗಿಸಿ ಬಿಡುವಾಗಿ ಕುಳಿತಿದ್ದರಿಂದ ಎಂದು ತಿಳಿಸುತ್ತಾರೆ. ಮಕ್ಕಳ ಹೆಸರುಗಳನ್ನು ಕುಳಿತ ಸ್ಥಳದ ಸಮೇತ ಬಾಯಿಪಾಠ ಮಾಡಲು ಹೇಳುತ್ತಾರೆ. ‘ಏ ಹುಡುಗ’ ಎಂದು ಕೂಗುವವರಿಗೂ ಹೆಸರು ಹಿಡಿದು ಕರೆಯುವವರಿಗೂ ಮಕ್ಕಳು ಕೊಡುವ ಓಗೊಡುವಿಕೆ ಒಂದೇ ಅಲ್ಲ. ಕೇಳಿದ್ದಕ್ಕೆ ಕೈಯೆತ್ತಿ ಉತ್ತರಿಸಬೇಕೋ, ನೀರು ಕುಡಿಯಲು ಹೋಗಲು ಅಪ್ಪಣೆ ಬೇಕೋ ಎಂಬಂಥ ನಿಯಮಗಳನ್ನು ಇಬ್ಬರೂ ಮೊದಲೇ ಕೂಡಿ ಗೊತ್ತುಮಾಡಿಕೊಳ್ಳುತ್ತಾರೆ. ಇಬ್ಬರು ಹಿರಿಯರ ನಿಯಮಗಳ ನಡುವೆ ಸಂದು ಬಿಟ್ಟರೆ ಮಕ್ಕಳು ಅದರಲ್ಲಿ ನುಸುಳದೆ ಬಿಡುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಹೊಸಬಳು ಕಲಿಯಲೆಂದು ಮಕ್ಕಳ ಹೊತ್ತನ್ನು ಹಾಳುಮಾಡುವುದು ನ್ಯಾಯವೇ? ಮಕ್ಕಳು ಅವಳ ಅಭ್ಯಾಸಕ್ಕೆ ಒದಗಿಸಿದ ಸಾಮಗ್ರಿಗಳಲ್ಲವಲ್ಲ? ಆಕ್ಷೇಪ ಯುಕ್ತವಾದುದೇ. ಮಕ್ಕಳಲ್ಲಿ ಹೊಡೆದಾಟ ನಡೆದಾಗ, ಒಂದು ಮಗುವನ್ನು ಉಳಿದವರು ಹಂಗಿಸಿ ಅಳಿಸಿದಾಗ ಹಿರಿಯರು ಕೂಡಲೇ ಎದ್ದು ಬರತಕ್ಕದ್ದು. ಅಲ್ಲಿ ಪ್ರಶಿಕ್ಷಣಾರ್ಥಿಯ ಮಾನಕ್ಕಿಂತ ಮಗುವಿನ ಕ್ಷೇಮ ದೊಡ್ಡದು. ಅಂಥ ಆಪತ್ತುಗಳನ್ನು ಬಿಟ್ಟರೆ, ಕೆಲವು ದಿನಗಳ ಗದ್ದಲವನ್ನು ಸಹಿಸುವುದು ನಷ್ಟವಲ್ಲ. ಇಂದು ಎರವಲಿನ ಮೌನದಲ್ಲಿ ಪಾಠ ಮುಗಿಸಿ ಹೋದವಳು ನಾಳೆ ಯಾವುದೋ ಊರಿನ ಶಾಲೆಯಲ್ಲಿ ಒಬ್ಬಳೇ ನಿಲ್ಲಬೇಕಾಗುತ್ತದೆ. ಅಲ್ಲಿ ಬಾಗಿಲಿಗೆ ಬಂದು ಕೆಮ್ಮುವವರು ಇರಲಾರರು. ಆಗ ಅವಳ ಕೈ ತಾನಾಗಿ ಬೆತ್ತವನ್ನು ಹುಡುಕಬಹುದು. ಇಂದು ಉಳಿಸಿದ ಹೊತ್ತಿನ ಬೆಲೆಯನ್ನು ಮುಂದೆ ಮೂವತ್ತು ವರ್ಷಗಳ ಮಕ್ಕಳು ತೆರಬೇಕಾದೀತು.

ನೆರವು ಪಡೆಯುವವರಿಗೂ ಒಂದು ಧರ್ಮವಿದೆ. ಅಂಕ ಕೊಡುವವರೇ ಹಿಂದೆ ಕುಳಿತಿರುವಾಗ ಲೋಪವನ್ನು ಮರೆಮಾಚುವ ಆಸೆ ಸಹಜ. ಆದರೆ ವೈದ್ಯನ ಮುಂದೆ ಗಾಯವನ್ನು ಮುಚ್ಚಿಕೊಂಡವನಿಗೆ ಮದ್ದು ದೊರೆಯದು. ‘ತರಗತಿ ನನ್ನ ಕೈಮೀರಿತು, ಎಲ್ಲಿ ತಪ್ಪಿದೆ?’ ಎಂದು ಕೇಳುವುದು ಸೋಲಲ್ಲ. ಕಲಿಕೆಯ ಮೊದಲ ಮೆಟ್ಟಿಲು. ಹಾಗೆ ಕೇಳುವ ಧೈರ್ಯ ಬರುವಂತೆ ನಡೆದುಕೊಳ್ಳುವುದು ಹಿರಿಯರ ಹೊಣೆ. ಮಕ್ಕಳ ಮುಂದೆ ಆಕೆಯನ್ನು ತಿದ್ದದಿರುವುದು, ಉಪಾಧ್ಯಾಯರ ಕೊಠಡಿಯಲ್ಲಿ ಆಕೆಯ ಪೇಚಾಟವನ್ನು ನಗೆಯ ವಿಷಯ ಮಾಡದಿರುವುದು, ಇವು ಸಣ್ಣ ಸಂಗತಿಗಳೆಂದು ತೋರಬಹುದು. ಸಣ್ಣವಾದರೂ ಎಷ್ಟೋ ತರುಣರು ಈ ವೃತ್ತಿಯಲ್ಲಿ ನೆಲೆಯೂರುವುದೂ ಅದರಿಂದ ವಿಮುಖರಾಗುವುದೂ ಇವುಗಳನ್ನೇ ಅವಲಂಬಿಸಿದೆ.

ಶರಣರು ಕಾಯಕಕ್ಕೆ ಪೂಜೆಯ ಘನತೆಯನ್ನು ತಂದುಕೊಟ್ಟರು. ಪೂಜೆಯಂತೆ ಕಾಯಕವೂ ತನ್ನ ಕೈಯಿಂದಲೇ ನಡೆಯಬೇಕು; ಒಬ್ಬರ ಕಾಯಕವನ್ನು ಮತ್ತೊಬ್ಬರು ಮಾಡಿಕೊಟ್ಟರೆ ಕೆಲಸ ಮುಗಿದೀತು, ಕಾಯಕ ಸಲ್ಲದು. ಕೂಸಿಗೆ ನಡಿಗೆ ಕಲಿಸುವ ಅಜ್ಜಿ ಅದನ್ನು ಎತ್ತಿಕೊಂಡೇ ಅಂಗಳ ದಾಟಿಸುವುದಿಲ್ಲ. ಎರಡು ಹೆಜ್ಜೆ ಮುಂದೆ ಕುಳಿತು ಕೈಚಾಚುತ್ತಾಳೆ. ಬಿದ್ದರೆ ಹಿಡಿಯುವಷ್ಟು ಹತ್ತಿರ, ನಡೆಯಲು ಬಿಡುವಷ್ಟು ದೂರ. ಕಲಿಸುವವರಿಗೆ ಕಲಿಸುವವರು ನಿಲ್ಲಬೇಕಾದ ಸ್ಥಳವೂ ಅದೇ. ಹದಿನಾರನೆಯ ವಾರದ ಕೊನೆಗೆ ಹಿರಿಯರು ಆ ಕೊಠಡಿಯ ಮುಂದೆ ಹಾದು ಹೋಗುವಾಗ ಒಳಗಿನಿಂದ ಪಾಠದ ಧ್ವನಿ, ಮಕ್ಕಳ ಪ್ರಶ್ನೆಗಳು ಕೇಳಿಬಂದು, ತಾವು ಹಾದುಹೋದದ್ದನ್ನು ಯಾರೂ ಗಮನಿಸದಿದ್ದರೆ, ಅದಕ್ಕಿಂತ ಹೆಚ್ಚಿನ ಗುರುದಕ್ಷಿಣೆ ಅವರಿಗೆ ಬೇಕಿಲ್ಲ.