ಯಾರ ಪರವಾಗಿ ‘ಹೌದು’?

ಟಿವಿಗೆ ಜೋಡಿಸಿದ ಪುಟ್ಟ ಪೆಟ್ಟಿಗೆಯೊಂದು ಕೇಳುವ ಪ್ರಶ್ನೆಯ ಬಗ್ಗೆ ಈ ಬರಹ. ಅದಕ್ಕೆ ಎರಡೇ ಉತ್ತರ: ಹೌದು ಅಥವಾ ಬೇಡ. ಪ್ರಶ್ನೆಯನ್ನು ಪೂರ್ತಿ ಓದುವ ಮೊದಲೇ ಹೆಚ್ಚಿನವರ ಹೆಬ್ಬೆರಳು ‘ಹೌದು’ ಎಂದು ಒತ್ತಿರುತ್ತದೆ. ನನ್ನ ಕುತೂಹಲ ಆ ಹೆಬ್ಬೆರಳಿನದು. ಅದು ಯಾರ ಪರವಾಗಿ ಮಾತಾಡುತ್ತಿದೆ?

ಪೆಟ್ಟಿಗೆಯೊಳಗಿನ ತಂತ್ರಾಂಶದ ಹೆಸರು ಕೋಡಿ. 2002ರಲ್ಲಿ ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರಕ್ಕಾಗಿ ಹವ್ಯಾಸಿಗಳು ಬರೆಯತೊಡಗಿದ್ದು, ಎಕ್ಸ್‌ಬಿಎಂಸಿ ಎಂದು ಬೆಳೆದು, 2014ರಲ್ಲಿ ಈ ಹೆಸರು ಪಡೆಯಿತು. ಇದಕ್ಕೆ ದುಡ್ಡು ಕೊಡಬೇಕಿಲ್ಲ. ಇದರ ಮೂಲ ಬರಹವನ್ನು ಯಾರು ಬೇಕಾದರೂ ತೆರೆದು ಓದಬಹುದು. ಹಾರ್ಡ್ ಡಿಸ್ಕಿನಲ್ಲಿ ಚದುರಿಬಿದ್ದ ಮದುವೆಯ ವಿಡಿಯೋ, ಯಕ್ಷಗಾನದ ರೆಕಾರ್ಡಿಂಗ್, ಹಾಡು, ಫೋಟೊಗಳನ್ನೆಲ್ಲ ಇದು ಒಂದೇ ರಿಮೋಟಿನ ಅಳವಿಗೆ ತರುತ್ತದೆ. ತನ್ನದೆಂದು ಯಾವ ಸಿನಿಮಾವನ್ನೂ ತರುವುದಿಲ್ಲ.

ಶಿಕಾರಿಪುರ, ಸೊರಬದ ಕಡೆಯವರಿಗೆ ಈ ಹೆಸರು ಕೇಳಿದೊಡನೆ ಕೆರೆ ನೆನಪಾಗುತ್ತದೆ. ಕೆರೆ ತುಂಬಿದಾಗ ಹೆಚ್ಚಾದ ನೀರು ಹೊರಹೋಗಲು ಕಟ್ಟಿದ ಜಾಗವೇ ಕೋಡಿ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿದ್ದ ಪ್ರಸಿದ್ಧ ಕೋಡಿಯ ಮಠದ ಹೆಸರಿನಲ್ಲೂ ಇರುವುದು ಇದೇ ಕೋಡಿ. ತಂತ್ರಾಂಶಕ್ಕೂ ಕೆರೆಗೂ ಹೆಸರಿನ ನಂಟಿಲ್ಲ, ಇದು ಬರೀ ಆಕಸ್ಮಿಕ. ಆದರೂ ಈ ಆಕಸ್ಮಿಕ ಮುಂದೆ ಉಪಯೋಗಕ್ಕೆ ಬರುತ್ತದೆ.

ಕೋಡಿಗೆ ಹೊಸ ಕೆಲಸ ಕಲಿಸುವುದು ಆಡ್-ಆನ್‌ಗಳು. ಉಪಶೀರ್ಷಿಕೆ ಹುಡುಕಿ ತರಲು ಒಂದು, ಹವಾಮಾನ ತೋರಿಸಲು ಇನ್ನೊಂದು. ಹೆಚ್ಚಿನವು ಪೈಥಾನ್ ಭಾಷೆಯಲ್ಲಿ ಬರೆದ ಸ್ಕ್ರಿಪ್ಟ್‌ಗಳು, ಜಿಪ್ ಕಡತದಲ್ಲಿ ಕಟ್ಟಿಕೊಂಡು ಬರುತ್ತವೆ. ಕೆಲವು ನಾವು ಕರೆದಾಗ ಮಾತ್ರ ಏಳುತ್ತವೆ. ‘ಸರ್ವಿಸ್’ ಎಂಬ ಬಗೆಯವು ಪೆಟ್ಟಿಗೆಯ ಜೊತೆಗೇ ಎದ್ದು ಹಿನ್ನೆಲೆಯಲ್ಲಿ ಓಡುತ್ತಲೇ ಇರುತ್ತವೆ. ಮುಖ್ಯ ಸಂಗತಿಯೆಂದರೆ, ಸ್ಕ್ರಿಪ್ಟಿಗೂ ಕೋಡಿಗೂ ನಡುವೆ ಗೋಡೆಯಿಲ್ಲ. ಕೋಡಿ ತೆರೆಯಬಲ್ಲ ಕಡತವನ್ನು ಅದೂ ತೆರೆಯಬಲ್ಲದು, ಕೋಡಿ ಹೋಗಬಲ್ಲ ಅಂತರಜಾಲದ ದಾರಿಯಲ್ಲಿ ಅದೂ ಹೋಗಬಲ್ಲದು. ಸೆಟ್ಟಿಂಗ್ಸ್‌ನಲ್ಲಿ ನಾವು ತುಂಬಿದ ಪಾಸ್‌ವರ್ಡ್ ಸಾಮಾನ್ಯವಾಗಿ ಅಲ್ಲೇ ಒಂದು ಕಡತದಲ್ಲಿ ಓದಲು ಬರುವ ಅಕ್ಷರಗಳಲ್ಲೇ ಕೂತಿರುತ್ತದೆ. ಸ್ಕ್ರಿಪ್ಟ್ ಹಾಕುವುದೆಂದರೆ ಮನೆಯ ಕೀಲಿಕೈ ಇರುವವರೊಬ್ಬರನ್ನು ಒಳಗೆ ಬಿಟ್ಟುಕೊಂಡಂತೆ.

ಅದಕ್ಕೇ 2017ರಲ್ಲಿ ಬಂದ 17ನೇ ಆವೃತ್ತಿಯಿಂದ ‘ಅನಾಮಿಕ ಮೂಲಗಳು’ ಎಂಬ ಗುಂಡಿ ಮೊದಲಿಗೆ ಮುಚ್ಚಿಯೇ ಇರುತ್ತದೆ. ತೆರೆಯಹೊರಟರೆ ಎಚ್ಚರಿಕೆ ಬರುತ್ತದೆ: ಈ ಸ್ಕ್ರಿಪ್ಟ್‌ಗಳಿಗೆ ನಿಮ್ಮ ಖಾಸಗಿ ಮಾಹಿತಿ ಸಿಗಬಹುದು, ಆಗುವ ಹಾನಿಗೆ ಹೊಣೆ ಪೂರ್ತಿ ನಿಮ್ಮದೇ, ಮುಂದುವರಿಯಲೇ?

ಸೊರಬ ತಾಲ್ಲೂಕಿನ ಆನವಟ್ಟಿ ಬಳಿಯ ಚಿಕ್ಕಮ್ಮನ ಮನೆಯಲ್ಲಿ ಒಮ್ಮೆ ಈ ಎಚ್ಚರಿಕೆಯನ್ನು ಕನ್ನಡದಲ್ಲಿ ಹೇಳಬೇಕಾಯಿತು. ಅವರ ಮಗನಿಗೆ ಗೆಳೆಯನೊಬ್ಬ ವಾಟ್ಸಾಪಿನಲ್ಲಿ ಜಿಪ್ ಕಡತವೊಂದನ್ನು ಕಳಿಸಿದ್ದ. ಪರದೆಯ ಮೇಲೆ ಇಂಗ್ಲಿಷ್ ಸಾಲುಗಳು ಬಂದಾಗ ಚಿಕ್ಕಮ್ಮ, “ಏನಂತೆ ಅದಕ್ಕೆ?” ಎಂದರು. ಹೇಳಲು ಹೊರಟವನು ಮೊದಲ ಪದದಲ್ಲೇ ತಡೆದೆ. ಇಂಗ್ಲಿಷಿನ ‘ಯೂ’ ಇಲ್ಲಿ ಯಾರು? ನೀನೋ, ನೀವೋ, ನೀವೆಲ್ಲರೋ? ನನ್ನ ಗೊಂದಲ ಕೇಳಿ ಅವರೇ ಅಂದರು: “ಹೊಣೆ ಯಾರದ್ದು ಅಂತ ಅದು ಕೇಳ್ತಿರೋದು ನಿನ್ನನ್ನೋ ನಮ್ಮನ್ನೋ? ನೀ ನಾಳೆ ಬಸ್ ಹತ್ತಿ ಹೋಗ್ತೀಯ. ಪೆಟ್ಟಿಗೆ ಇಲ್ಲೇ ಇರ್ತದೆ.”

ಚಿಕ್ಕಮ್ಮನ ಮಾತಿನಲ್ಲಿ ಒಂದು ನೈತಿಕ ಪ್ರಶ್ನೆ ಪೂರ್ತಿಯಾಗಿ ಇದೆ. ಪೆಟ್ಟಿಗೆಯ ಕಲ್ಪನೆಯಲ್ಲಿ ಒತ್ತುವವನು, ನೋಡುವವನು, ನಷ್ಟ ಅನುಭವಿಸುವವನು ಒಬ್ಬನೇ. ಮನೆಯ ಟಿವಿ ಹಾಗಲ್ಲ. ಒತ್ತುವುದು ಹಬ್ಬಕ್ಕೆ ಬಂದ ಹುಡುಗ, ನೋಡುವುದು ಅಜ್ಜಿ, ಇಂಟರ್ನೆಟ್ ಬಿಲ್ ಕಟ್ಟುವುದು ಚಿಕ್ಕಪ್ಪ, ಫೋಟೊಗಳು ಎಲ್ಲರವು. ಒಬ್ಬರ ಒಪ್ಪಿಗೆಯನ್ನು ಎಲ್ಲರ ಒಪ್ಪಿಗೆಯೆಂದು ಪೆಟ್ಟಿಗೆ ಬರೆದುಕೊಳ್ಳುತ್ತದೆ.

ಇದರಲ್ಲಿ ಹೊಸದೇನಿದೆ ಎಂದು ಕೇಳಬಹುದು. ವೈರಿಂಗ್ ಮಾಡುವವನನ್ನು ಕರೆದಾಗಲೂ ತಿಳಿದವನ ಮಾತು ನಂಬಿ ತಲೆಯಾಡಿಸುತ್ತೇವಲ್ಲ? ನಿಜ. ಆದರೆ ಗೋಡೆಯೊಳಗಿನ ತಂತಿ ನಾಳೆಯೂ ಅದೇ ತಂತಿ. ಸ್ಕ್ರಿಪ್ಟ್ ಹಾಗಿರಬೇಕೆಂದಿಲ್ಲ, ಅದು ರಾತ್ರೋರಾತ್ರಿ ತಾನಾಗಿ ಬದಲಾಗಬಹುದು.

2018ರ ಸೆಪ್ಟೆಂಬರ್‌ನಲ್ಲಿ ಇಸೆಟ್ ಎಂಬ ಸೈಬರ್ ಭದ್ರತಾ ಸಂಸ್ಥೆ ಇಂಥದೇ ಪ್ರಕರಣವೊಂದನ್ನು ಹೊರಗೆಡವಿತು. ಹಲವು ಆಡ್-ಆನ್‌ಗಳು ಒಳಗೊಳಗೇ ಬಳಸುವ ಸಿಂಪಲ್‌ಜೇಸನ್ ಎಂಬ ಸಹಾಯಕ ಸ್ಕ್ರಿಪ್ಟ್ ಇದೆ. ಆಗ ಅದರ ಅಧಿಕೃತ ಪ್ರತಿಯ ಸಂಖ್ಯೆ 3.4.0 ಆಗಿತ್ತು. ಹೊರಗಿನ ಕೆಲವು ಭಂಡಾರಗಳಲ್ಲಿ ಯಾರೋ 3.4.1 ಎಂಬ ಪ್ರತಿ ಇಟ್ಟಿದ್ದರು. ಸಂಖ್ಯೆ ದೊಡ್ಡದಾದರೆ ಹೊಸದು ಎಂಬುದು ಯಂತ್ರದ ತಿಳಿವಳಿಕೆ. ಆ ಭಂಡಾರಗಳನ್ನು ಹಿಂದೆಂದೋ ಸೇರಿಸಿಕೊಂಡಿದ್ದ ಕೋಡಿಗಳು ತಾವಾಗಿಯೇ ಅದನ್ನು ಎಳೆದುಕೊಂಡವು. ಅದರ ಹಿಂದೆಯೇ ವಿಂಡೋಸ್, ಲಿನಕ್ಸ್ ಯಂತ್ರಗಳಲ್ಲಿ ಗುಟ್ಟಾಗಿ ಮೊನೆರೊ ಎಂಬ ಡಿಜಿಟಲ್ ನಾಣ್ಯ ಗಣಿಗಾರಿಕೆ ಮಾಡುವ ತಂತ್ರಾಂಶ ಬಂದು ಕೂತಿತು. ಮನೆಯವರ ಕರೆಂಟು, ಇನ್ನಾರದೋ ದುಡ್ಡು. ಆ ರಾತ್ರಿ ಯಾರೂ ‘ಹೌದು’ ಒತ್ತಿರಲಿಲ್ಲ, ಎಂದೋ ಒತ್ತಿದ್ದು ಇನ್ನೂ ನಡೆಯುತ್ತಿತ್ತು. ಮುಂದೆ 2021ರಲ್ಲಿ ಬಂದ 19ನೇ ಆವೃತ್ತಿಯಲ್ಲಿ, ಅಧಿಕೃತ ಆಡ್-ಆನ್‌ಗಳ ಹೊಸ ಪ್ರತಿ ಅಧಿಕೃತ ಭಂಡಾರದಿಂದಲೇ ಬರಬೇಕು ಎಂಬುದು ಮೊದಲ ಆಯ್ಕೆಯಾಯಿತು.

ಸ್ಕ್ರಿಪ್ಟ್ ತೆರೆದ ಪುಸ್ತಕ, ಓದಿ ನೋಡಿಕೊಳ್ಳಲಿ ಎನ್ನುವವರೂ ಇದ್ದಾರೆ. ಮುಕ್ತ ತಂತ್ರಾಂಶದ ದೊಡ್ಡತನ ಅದೇ ಎಂದು ನಾನೂ ಒಪ್ಪುತ್ತೇನೆ. ಆದರೆ ‘ಓದಬಹುದು’ ಬೇರೆ, ‘ಓದಲಾಗಿದೆ’ ಬೇರೆ. ಬಳ್ಳಿಗಾವಿಯ, ಕುಬಟೂರಿನ ಶಾಸನಗಳು ಶತಮಾನಗಳಿಂದ ಬಯಲಲ್ಲೇ ನಿಂತಿವೆ. ಬಿ.ಎಲ್. ರೈಸ್ ಶಿಕಾರಿಪುರದ ಶಾಸನಗಳನ್ನು 1902ರಲ್ಲೂ ಸೊರಬದವನ್ನು 1904ರಲ್ಲೂ ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೇ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಇಂದಿಗೂ ನಮ್ಮಲ್ಲಿ ಹೆಚ್ಚಿನವರು ಕಲ್ಲನ್ನು ಓದುವುದಿಲ್ಲ, ಓದಿದವರನ್ನು ನಂಬುತ್ತೇವೆ. ಆ ನಂಬಿಕೆ ಕುರುಡಲ್ಲ. ಓದಿದವರ ಹೆಸರಿದೆ, ಶಾಸನಕ್ಕೆ ಸಂಖ್ಯೆಯಿದೆ, ತಪ್ಪೆನಿಸಿದರೆ ಇನ್ನೊಬ್ಬರು ಹೋಗಿ ನೋಡಬಹುದು. ಅಧಿಕೃತ ಭಂಡಾರ ಕೊಡುವುದೂ ಇಷ್ಟನ್ನೇ, ಸೇರಿಸುವ ಮೊದಲು ಯಾರೋ ನೋಡಿದ್ದಾರೆ ಎಂಬ ಭರವಸೆ. ಗೆಳೆಯನ ಗೆಳೆಯನಿಂದ ಬಂದ ಜಿಪ್ ಕಡತಕ್ಕೆ ಪ್ರೀತಿಯಿದೆ, ಓದಿದವರಿಲ್ಲ.

ಹಾಗಾದರೆ ಬಾಗಿಲು ಮುಚ್ಚಿಬಿಡೋಣವೇ? ಅದೂ ಸರಿಯಲ್ಲ. ಕೋಡಿಯ ಮಠದ 1162ರ ಶಾಸನ ಆ ಮಠವನ್ನು ಬಣ್ಣಿಸುವಾಗ, ಅದು ವೇದ, ವ್ಯಾಕರಣ, ದರ್ಶನಗಳನ್ನು ಕಲಿಸುವ ತಾಣ, ಬಡವರಿಗೆ, ಕುರುಡರಿಗೆ, ಕುಂಟರಿಗೆ, ಹಾಡುವ ಕುಣಿಯುವ ಕಲಾವಿದರಿಗೆ ಅನ್ನವಿಕ್ಕುವ ತಾಣ, ರೋಗಿಗಳಿಗೆ ಔಷಧ ಸಿಗುವ ತಾಣ ಎಂದು ಪಟ್ಟಿ ಮಾಡುತ್ತದೆ. ಈ ನೆಲದ ಹಿರಿಮೆ ತೆರೆದ ಬಾಗಿಲಿನದು. ಸಂಬಳವಿಲ್ಲದೆ ಆಡ್-ಆನ್ ಬರೆದು ಹಂಚುವ ಸಾವಿರಾರು ಅಪರಿಚಿತರೂ ಅದೇ ಕೆಲಸ ಮಾಡುತ್ತಿದ್ದಾರೆ. ಅವರನ್ನೆಲ್ಲ ಕಳ್ಳರೆಂದು ಕಾಣುವುದು ಕೃತಘ್ನತೆ. ಆದರೆ ಬಂದವರಿಗೆಲ್ಲ ಅನ್ನವಿಕ್ಕುವುದು ಬೇರೆ, ಉಗ್ರಾಣದ ಕೀಲಿ ಕೊಡುವುದು ಬೇರೆ. ಅನ್ನವಿಕ್ಕಲು ಹೆಸರು ಕೇಳಬೇಕಿಲ್ಲ. ಕೀಲಿ ಕೊಡುವಾಗ ಕೇಳಲೇಬೇಕು, ಏಕೆಂದರೆ ಉಗ್ರಾಣ ಕೊಡುವವನೊಬ್ಬನದಲ್ಲ.

ಕೆರೆಯ ಕೋಡಿ ಇಲ್ಲಿ ನೆರವಿಗೆ ಬರುತ್ತದೆ. ಕೋಡಿ ಬಿದ್ದರೆ ಊರಿಗೆ ಹಬ್ಬ, ಜನ ಬಾಗಿನ ಬಿಡುತ್ತಾರೆ. ಏರಿ ಒಡೆದರೆ ಅದೇ ನೀರು ಗದ್ದೆ ಕೊಚ್ಚಿಕೊಂಡು ಹೋಗುತ್ತದೆ. ವ್ಯತ್ಯಾಸವೆಲ್ಲ ಎಲ್ಲಿ ಹರಿಯಬೇಕೆಂದು ಮೊದಲೇ ಕೂತು ಗೊತ್ತುಮಾಡಿದ್ದರಲ್ಲಿದೆ. ತೂಬು ಎತ್ತಿದ ನೀರುಗಂಟಿ ಎತ್ತಿದ್ದೇ ಮನೆಗೆ ಹೋಗುವುದಿಲ್ಲ. ಯಾರ ಗದ್ದೆಗೆ ಎಷ್ಟು ಹೋಯಿತೆಂದು ನೋಡಬೇಕು, ಇಳಿಸಲು ತಿರುಗಿ ಬರಬೇಕು.

ಮನೆಯವರ ಪರವಾಗಿ ‘ಹೌದು’ ಎನ್ನುವವರ ಧರ್ಮವೂ ಇಷ್ಟೇ ಎಂದು ನನಗನಿಸುತ್ತದೆ. ಏನು ಹಾಕುತ್ತಿದ್ದೇವೆ, ಅದು ಏನನ್ನು ನೋಡಬಲ್ಲದು ಎಂಬುದನ್ನು ಅವರ ಮಾತಿನಲ್ಲೇ ಹೇಳಬೇಕು. ‘ಬೇಡ’ ಎನ್ನಲು ಅವರಿಗೆ ಜಾಗ ಬಿಡಬೇಕು. ಹಾಕಿದ್ದನ್ನು ಆಗಾಗ ತಿರುಗಿ ನೋಡಬೇಕು. ಬರೆದವರೇ ಕೈಬಿಟ್ಟ ಸ್ಕ್ರಿಪ್ಟ್‌ಗಳೂ ಇರುತ್ತವೆ. 19ನೇ ಆವೃತ್ತಿಯಲ್ಲಿ ಕೋಡಿ ಪೈಥಾನ್ 2ರಿಂದ 3ಕ್ಕೆ ಹೋದಾಗ, ತಿದ್ದುವವರಿಲ್ಲದ ಎಷ್ಟೋ ಆಡ್-ಆನ್‌ಗಳು ಕೆಲಸ ನಿಲ್ಲಿಸಿದವು. ಬೇಡವಾದದ್ದನ್ನು ತೆಗೆಯುವುದು ಹೂಳೆತ್ತಿದಂತೆ. ಯಾರಿಗೂ ಕಾಣದ ಕೆಲಸ, ಆದರೆ ಅದಿಲ್ಲದೆ ಕೆರೆ ಉಳಿಯುವುದಿಲ್ಲ. ತಿರುಗಿ ಬರಲು ಆಗುವುದಿಲ್ಲವೆಂದು ಗೊತ್ತಿದ್ದರೆ, ಆ ಮನೆಯಲ್ಲಿ ಇರುವವರೊಬ್ಬರಿಗೆ ಆ ಗುಂಡಿಯನ್ನು ಮುಚ್ಚುವುದು ಹೇಗೆಂದು ಕಲಿಸಿಯೇ ಹೊರಡಬೇಕು.